ಗುರುಬಸವ್ವನ ಎದೆ ಪಾಸು

ಗುರುಬಸವ್ವನ ಎದೆಯ ಮೇಲೆ ಯಾರಿಗೂ ನಂಬಿಕೆ ಇರಲಿಲ್ಲ, ಗುರುಬಸವ್ವನೊಬ್ಬಳನ್ನು ಬಿಟ್ಟು. ಡಾಕ್ಟರಿಗೆ ಇರಲಿಲ್ಲ, ಸರ್ಕಾರಕ್ಕೆ ಇರಲಿಲ್ಲ, ಪಡಸಾಲೆಯಲ್ಲಿ ಬಂದು ಕೂತ ಯಂತ್ರಕ್ಕಂತೂ ಎಳ್ಳಷ್ಟೂ ಇರಲಿಲ್ಲ. ಕೊನೆಗೆ ಅವಳದೇ ಖಾನಾವಳಿಯ ಭಟ್ಟಿ ಕೂಡ ಅವಳನ್ನು ಕಂಡರೆ ಆರಿಹೋಗುತ್ತಿತ್ತು. ಇದಕ್ಕಿಂತ ಅವಮಾನ ಇನ್ನೇನು ಬೇಕು, ನೀವೇ ಹೇಳಿ.

ಇದು ನಡೆದ ಹೊತ್ತಿಗೆ ಕಾಲ ನಮ್ಮನ್ನೆಲ್ಲ ದಾಟಿ ಬಹಳ ಮುಂದೆ ಹೋಗಿತ್ತು. ಒಮ್ಮೆ ಎದೆ ಕೈಕೊಟ್ಟವರ ಮನೆಗೆ ಸರ್ಕಾರವೇ ನಿಂತಲ್ಲೇ ತುಳಿದು ಕಸರತ್ತು ಮಾಡುವ ಒಂದು ಎಲಿಪ್ಟಿಕಲ್ ಯಂತ್ರ ಕಳಿಸಿಕೊಡುತ್ತಿತ್ತು. ಪಾದ ಇಡಲು ಎರಡು ಹಲಗೆ, ಅವುಗಳ ಜೊತೆ ಹಿಂದೆ ಮುಂದೆ ಓಲಾಡುವ ಎರಡು ಉದ್ದನೆಯ ಕೋಲು, ನಡುವೆ ಅಲುಗಾಡದ ಎರಡು ಗಿಡ್ಡ ಹಿಡಿಕೆ, ಅವುಗಳ ಮೇಲೆ ಪರದೆ, ಕೀಲಿಗಳಿರುವ ಒಂದು ಕನ್ಸೋಲು. ಗಿಡ್ಡ ಹಿಡಿಕೆಗಳಿಗೆ ತಗಡು ಹೊದಿಸಿತ್ತು. ಎದೆ ಬಡಿದಾಗಲೆಲ್ಲ ಮೈಯಲ್ಲಿ ಚೂರೇ ಚೂರು ವಿದ್ಯುತ್ತು ಮಿಡಿಯುತ್ತದಲ್ಲ, ಅದನ್ನು ಈ ಎರಡು ತಗಡುಗಳು ಎಡಗೈಯಿಂದ ಬಲಗೈಯವರೆಗೆ ಅಳೆಯುತ್ತಿದ್ದವು. ಒಂದೇ ಕೈ ಇಟ್ಟರೆ ಏನೂ ಸಿಗದು; ಎರಡೂ ಬೇಕು. ಕನ್ಸೋಲು ಆ ಮಿಡಿತವನ್ನು ಅಂಕಿಯಾಗಿ ತೋರಿಸಿ, ಗೆರೆಯಾಗಿ ಬರೆದು, ಗದಗಿನ ಹೃದಯ ಕಾವಲು ಕೇಂದ್ರಕ್ಕೆ ಕಳಿಸುತ್ತಿತ್ತು. ಗೆರೆ ಸಮವಾಗಿದ್ದರೆ ಎದೆ ಪಾಸು. ಎದೆ ಕೈಕೊಟ್ಟವರು ಆ ಪಾಸು ಇಲ್ಲದೆ ಲಾರಿ ಓಡಿಸುವಂತಿಲ್ಲ, ಕಂಬ ಹತ್ತುವಂತಿಲ್ಲ, ದೊಡ್ಡ ಬೆಂಕಿಯ ಮುಂದೆ ನಿಲ್ಲುವಂತಿಲ್ಲ. ಖಾನಾವಳಿಯ ಭಟ್ಟಿಗಳೂ ಎದುರು ನಿಂತವರ ಗುರುತು ಹಿಡಿಯುತ್ತಿದ್ದವು. ಪಾಸಿಲ್ಲದವರು ಬಂದು ನಿಂತರೆ ತಮ್ಮಷ್ಟಕ್ಕೆ ತಾವೇ ಆರುತ್ತಿದ್ದವು.

ಆಸ್ಪತ್ರೆಯಿಂದ ಮನೆಗೆ ಬಂದ ವಾರದಲ್ಲೇ ಗುರುಬಸವ್ವ ಯಾರ ಮಾತೂ ಕೇಳದೆ ಖಾನಾವಳಿಗೆ ನಡೆದು, ಭಟ್ಟಿಯ ಮುಂದೆ ನಿಂತಿದ್ದಳು. ಭಗ್ಗೆಂದು ಉರಿಯುತ್ತಿದ್ದದ್ದು ಫಕ್ಕನೆ ಆರಿತು. ಹಂಚಿನ ಮೇಲಿದ್ದ ರೊಟ್ಟಿ ಅರೆಬೆಂದು ಉಳಿಯಿತು. ಉಣ್ಣುತ್ತಿದ್ದ ನೇಕಾರರೆಲ್ಲ ತಾಟಿನೊಳಗೆ ಮುಖ ಹುದುಗಿಸಿದರು.

"ನಿನ್ನ ತಂದು ಕೂಡ್ರಿಸಿದಾಕಿ ನಾನು, ನನ್ನ ಮುಂದನ ಆರತೀಯಾ!" ಎಂದು ಅವಳು ಭಟ್ಟಿಗೆ ಬೈದಳು. ಭಟ್ಟಿ ಕೇಳಿಸಿಕೊಳ್ಳಲಿಲ್ಲ.

ಬೆಟಗೇರಿಯಲ್ಲಿ ಆ ಖಾನಾವಳಿ ಗೊತ್ತಿಲ್ಲದವರಿಲ್ಲ. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಜುಣಕ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಬೇರೆ ಏನೂ ಇಲ್ಲ, ಬೇರೆ ಏನೂ ಬೇಕಾಗಿಯೂ ಇಲ್ಲ. ನಡೆಸುವವರು ಇಬ್ಬರು ನೆಗೆಣ್ಣಿಯರು: ಅಣ್ಣನ ಹೆಂಡತಿ ಗುರುಬಸವ್ವ, ತಮ್ಮನ ಹೆಂಡತಿ ಕಸ್ತೂರಿ. ಗುರುಬಸವ್ವನ ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಕಸ್ತೂರಿಯ ಗಂಡ ಲಾರಿಯ ಮೇಲಿದ್ದು ಹಬ್ಬಕ್ಕೊಮ್ಮೆ ಮುಖ ತೋರಿಸುತ್ತಿದ್ದ. ಹೀಗಾಗಿ ಇವಳಿಗೆ ಅವಳು, ಅವಳಿಗೆ ಇವಳು. ಅತ್ತೆಯ ಕಾಲದಿಂದ ಬಂದ ಪದ್ಧತಿ ಏನೆಂದರೆ ಹಿರಿಯಳು ಹಂಚಿನ ಮುಂದೆ, ಕಿರಿಯಳು ಹಲಗೆಯ ಮುಂದೆ. ಕಸ್ತೂರಿ ರೊಟ್ಟಿ ಬಡಿದು ಎತ್ತಿ ಕೊಡಬೇಕು, ಗುರುಬಸವ್ವ ಅದನ್ನು ಹಂಚಿಗೆ ಹಾಕಿ, ನೀರು ಸವರಿ, ತಿರುವಿ, ಉಬ್ಬಿಸಿ ತೆಗೆಯಬೇಕು. ಇಷ್ಟು ವರ್ಷದಲ್ಲಿ ಒಂದು ದಿನವೂ ಗುರುಬಸವ್ವ ಹಂಚನ್ನು ಬಿಟ್ಟುಕೊಟ್ಟವಳಲ್ಲ. ಜ್ವರ ಬಂದಾಗಲೂ ತಲೆಗೆ ಬಟ್ಟೆ ಕಟ್ಟಿಕೊಂಡು ಅಲ್ಲೇ ಕೂತಿದ್ದಳು. ಎದೆ ಹಿಡಿದುಕೊಂಡು ಬಿದ್ದದ್ದೂ ಅಲ್ಲೇ, ಕೈಯಲ್ಲಿ ನೀರಿನ ಬಟ್ಟೆ ಹಿಡಿದೇ ಬಿದ್ದಳು.

ಈಗ ಎರಡೂ ಕೆಲಸ ಕಸ್ತೂರಿಯ ಮೇಲೆ. ತಾನೇ ಬಡಿದು ತಾನೇ ಬೇಯಿಸಿ ಬಂದಷ್ಟು ಮಂದಿಗೆ ಹಾಕುತ್ತಿದ್ದಳು. ಮನೆಗೆ ತಂದ ರೊಟ್ಟಿಯನ್ನು ಗುರುಬಸವ್ವ ತಿರುಗಿಸಿ ತಿರುಗಿಸಿ ನೋಡಿ, "ಸೀದೈತಿ" ಎನ್ನುತ್ತಿದ್ದಳು. ಸೀದಿರಲಿಲ್ಲ. ಆದರೂ ಅನ್ನುತ್ತಿದ್ದಳು.

ಯಂತ್ರ ಬಂದ ದಿನದ ಗಮ್ಮತ್ತೇ ಬೇರೆ. ಕನ್ಸೋಲು ಪಠ್ಯಪುಸ್ತಕದ ಕನ್ನಡದಲ್ಲಿ, ಬೆಣ್ಣೆಯಂಥ ದನಿಯಲ್ಲಿ ಮಾತಾಡುತ್ತಿತ್ತು. ಮೊದಲು ವಯಸ್ಸು ಕೇಳಿತು, ಆಮೇಲೆ ತೂಕ ಕೇಳಿತು. ಕೀಲಿಗಳನ್ನು ಒತ್ತಲು ಕಸ್ತೂರಿ ನಿಂತಿದ್ದಳು.

"ಐವತ್ತೈದು ಅಂತ ಒತ್ತು," ಎಂದಳು ಗುರುಬಸವ್ವ.

"ಅಕ್ಕಾ, ನಮ್ಮ ಜ್ವಾಳದ ಚೀಲನ ಐವತ್ತು ಇರತೈತಿ."

"ಹಂಗಾರ ಐದು ಹೆಚ್ಚಿಗಿ ಹೇಳೀನಲ್ಲ!"

ಕಸ್ತೂರಿ ನಕ್ಕು, ತನಗೆ ತಿಳಿದ ತೂಕ ಒತ್ತಿದಳು. ಗುರುಬಸವ್ವ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಶಿವನನ್ನು ನೆನೆದು ಹಲಗೆಯ ಮೇಲೆ ಕಾಲಿಟ್ಟಳು. ಇಟ್ಟ ಕಾಲು ಇಟ್ಟಲ್ಲಿ ನಿಲ್ಲಬೇಕೋ ಬೇಡವೋ? ಹಲಗೆ ಸರ್‍ರನೆ ಹಿಂದಕ್ಕೆ ಹೋಯಿತು.

"ಎವ್ವಾ! ಕಸ್ತೂರೀ, ಇದು ನನ್ನ ಕೆಡವತೈತಿ!"

"ಹಿಡಕೊಂಡೀನಕ್ಕಾ, ನಾ ಅದೀನಿ," ಎಂದು ಕಸ್ತೂರಿ ಎಡಗಡೆ ನಿಂತು ಅವಳ ಎಡಗೈಯನ್ನು ಗಟ್ಟಿಯಾಗಿ ಹಿಡಿದಳು. ಗುರುಬಸವ್ವನ ಬಲಗೈ ಬಲಗಡೆಯ ಹಿಡಿಕೆಗೆ ಅಂಟಿಕೊಂಡಿತು.

"ದಯವಿಟ್ಟು ಎರಡೂ ಹಿಡಿಕೆಗಳನ್ನು ಹಿಡಿದುಕೊಳ್ಳಿ. ನಾಡಿ ಸಿಗುತ್ತಿಲ್ಲ," ಎಂದಿತು ಕನ್ಸೋಲು.

"ನಾಡಿ ಸಿಗವಲ್ದಂತ. ಎಲ್ಲಿ ಹೋಗೇತೋ ಏನೋ," ಎಂದಳು ಗುರುಬಸವ್ವ ಏದುಸಿರು ಬಿಡುತ್ತ. "ನನಗಿರೂದ ಎರಡು ಕೈ. ಒಂದು ಇಲ್ಲೈತಿ, ಇನ್ನೊಂದು ನಿನ್ನ ಕಡೆ ಐತಿ. ಮೂರನೇದು ಎಲ್ಲಿಂದ ತರ್ಲಿ?"

"ತಡೀರಿ, ನಂದು ಇಡ್ತೀನಿ." ಕಸ್ತೂರಿ ತನ್ನ ಖಾಲಿ ಕೈಯನ್ನು ಎಡಗಡೆಯ ಹಿಡಿಕೆಯ ಮೇಲೆ ಇಟ್ಟಳು. ಹಿಟ್ಟು ನಾದಿ ತೊಳೆದ ಕೈ, ಇನ್ನೂ ಒದ್ದೆಯಿತ್ತು.

"ಧನ್ಯವಾದಗಳು. ನಾಡಿ ಸಿಕ್ಕಿದೆ," ಎಂದಿತು ಕನ್ಸೋಲು.

ಇಬ್ಬರೂ ಗೆದ್ದೆವೆಂದು ನಕ್ಕರು. ಕೇಳಿದ್ದು ಎರಡು ಕೈ, ಕೊಟ್ಟದ್ದು ಎರಡು ಕೈ, ಇನ್ನೇನು ತಕರಾರು? ಅಂದಿನಿಂದ ದಿನಾ ಬೆಳಿಗ್ಗೆ ಹಾಗೆಯೇ ನಡೆಯಿತು. ಗುರುಬಸವ್ವ ತುಳಿಯುವುದು, ಕಸ್ತೂರಿ ಒಂದು ಕೈಯಲ್ಲಿ ಅಕ್ಕನನ್ನೂ ಇನ್ನೊಂದರಲ್ಲಿ ಹಿಡಿಕೆಯನ್ನೂ ಹಿಡಿದು ನಿಲ್ಲುವುದು. ಗುರುಬಸವ್ವ ಅದಕ್ಕೆ ಬಟ್ಟೆ ಬಾರದ ಮಗ್ಗ ಎಂದು ಹೆಸರಿಟ್ಟಳು. ನೇಕಾರರ ಊರಲ್ಲಿ ಕೈಕಾಲು ಎರಡೂ ಆಡಿಸಿ ಕೊನೆಗೆ ಒಂದು ಗೇಣು ಬಟ್ಟೆಯೂ ಬಾರದ ಕೆಲಸವನ್ನು ಮತ್ತೇನೆಂದು ಕರೆಯುತ್ತಾರೆ?

ತುಳಿಯುವುದು ಬೇಗನೆ ರೂಢಿಯಾಯಿತು. ಆದರೆ ಅಂಕಿಗಳಿಗೆ ಮಾತ್ರ ಹುಚ್ಚು ಹಿಡಿದಿತ್ತು. ಒಮ್ಮೆ ಎಂಬತ್ತು, ಮರುಗಳಿಗೆ ನೂರಾ ತೊಂಬತ್ತು, ಮತ್ತೆ ನೂರು. ಕೊನೆಗೆ ಕನ್ಸೋಲು ಅದೇ ಬೆಣ್ಣೆಯ ದನಿಯಲ್ಲಿ, "ಬಡಿತ ಅಸಮವಾಗಿದೆ. ಗುರಿ ತಲುಪಿಲ್ಲ. ನಾಳೆ ಪ್ರಯತ್ನಿಸಿ," ಎನ್ನುತ್ತಿತ್ತು. ಗುರುಬಸವ್ವನಿಗೆ ಕನ್ನಡಕವಿಲ್ಲದೆ ಗೆರೆ ಕಾಣುತ್ತಿರಲಿಲ್ಲ, ಕನ್ನಡಕ ಹಾಕಿಕೊಂಡರೆ ತುಳಿಯುವಾಗ ತಲೆ ತಿರುಗುತ್ತಿತ್ತು. ಕಸ್ತೂರಿಯೇ ನೋಡಿ ಹೇಳಬೇಕು. "ಇವತ್ತೂ ಆಗ್ಲಿಲ್ಲಕ್ಕಾ," ಎನ್ನುವಾಗ ಅವಳು ಬೇರೆ ಕಡೆ ನೋಡುತ್ತಿದ್ದಳು. ಪಾಪ, ನನ್ನಷ್ಟೇ ಸಂಕಟ ಇವಳಿಗೂ ಎಂದು ಗುರುಬಸವ್ವ ಮರುಗುತ್ತಿದ್ದಳು.

ಒಂದು ದಿನ ಕೇಂದ್ರದಿಂದ ಕರೆ ಬಂತು. ಗುರುಬಸವ್ವ ಆಟೋ ಹಿಡಿದು ಒಬ್ಬಳೇ ಹೋದಳು.

ಅಲ್ಲಿ ಒಂದು ಕೋಣೆ, ಗೋಡೆಯ ತುಂಬ ಗೆರೆಗಳು. ಜಿಲ್ಲೆಯಲ್ಲಿ ಆ ಹೊತ್ತಿನಲ್ಲಿ ಯಂತ್ರ ತುಳಿಯುತ್ತಿದ್ದವರೆಲ್ಲರ ಎದೆ ಆ ಗೋಡೆಯ ಮೇಲೆ ಓಡುತ್ತಿತ್ತು. ನೋಡಿಕೊಳ್ಳುವ ಡಾಕ್ಟರ್ ಫರೀದಾ ಮುಲ್ಲಾ ಇದೇ ಊರಿನ ಹುಡುಗಿ, ಕಾಲೇಜಿನ ದಿನಗಳಲ್ಲಿ ಇವರ ಖಾನಾವಳಿಯಲ್ಲಿ ಉಂಡವಳು.

"ನಂದು ಯಾವುದವ್ವಾ?" ಎಂದಳು ಗುರುಬಸವ್ವ.

ಫರೀದಾ ಹಿಂದಿನ ದಿನದ ಗೆರೆಯನ್ನು ದೊಡ್ಡದು ಮಾಡಿ ತೋರಿಸಿದಳು. ಉಳಿದವರದೆಲ್ಲ ಒಂದೇ ಅಳತೆಯ ಹೊಲಿಗೆಯಂತಿತ್ತು. ಇವಳದು ಕೋಳಿ ಕೆದರಿದ ಹಿತ್ತಲು.

"ಇದು ಸುಧಾರಸವಲ್ದು ಗುರುಬಸವ್ವಾರ. ತಿಂಗಳು ಮುಗಿಯೂದರಾಗ ಸಮ ಆಗ್ಲಿಲ್ಲಂದ್ರ ತಡದಿಟ್ಟ ನಿಮ್ಮ ಎದಿ ಪಾಸು ರದ್ದು ಮಾಡಬೇಕಾಕ್ಕೈತಿ. ಕಾಯಂ."

"ಕಾಯಂ ಅಂದ್ರ?"

"ಇನ್ನ ಹಂಚಿನ ಮುಂದ ಕೂಡೂದು ಇಲ್ರಿ."

ಗುರುಬಸವ್ವ ಗೋಡೆಯ ಗೆರೆಗಳಿಗೆ ಬೆನ್ನು ಮಾಡಿ ನಿಂತಳು. "ಡಾಕ್ಟರ, ನಂಗ ಓದು ಬರೂದಿಲ್ಲ, ಹಾಡು ಬರೂದಿಲ್ಲ. ರೊಟ್ಟಿ ಉಬ್ಬಿಸೂದು ಒಂದ ಬರತೈತಿ. ಅದನ್ನ ಕಸಗೊಂಡ್ರ ನಾ ಯಾರು?"

ರದ್ದು ಮಾಡುವ ಮೊದಲು ಕೇಂದ್ರದಲ್ಲೇ ಒಮ್ಮೆ ತುಳಿಸಿ ನೋಡುವ ನಿಯಮವಿದೆ, ತಿಂಗಳ ಕೊನೆಗೆ ಬನ್ನಿ ಎಂದು ಫರೀದಾ ಹೇಳಿ ಕಳಿಸಿದಳು.

ಮನೆಗೆ ಬಂದು ಸುದ್ದಿ ಹೇಳಿದಾಗ ಕಸ್ತೂರಿ ಹತ್ತಿರ ಕೂತು ಕೈ ಹಿಡಿದಳು. "ಹೋಗ್ಲಿ ಬಿಡ್ರಿ ಅಕ್ಕಾ. ಎಷ್ಟು ವರ್ಷ ದುಡದೀರಿ. ಮನ್ಯಾಗ ಕುಂತು ಉಣ್ರಿ, ನಾ ಇಲ್ಲೇನು?"

"ಕುಂತು ಉಣ್ಣಾಕ ನನಗೇನು ಹಲ್ಲು ಬಿದ್ದಾವೇನು?" ಎಂದು ಗುರುಬಸವ್ವ ಸಿಡುಕಿದಳು. ಅಂದಿನಿಂದ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತುಳಿಯತೊಡಗಿದಳು. ಎಣ್ಣೆಗಾಯಿ ಬಿಟ್ಟಳು, ಉಪ್ಪು ಬಿಟ್ಟಳು, ಕನ್ಸೋಲಿನ ಜೊತೆ ಜಗಳವನ್ನೂ ಬಿಟ್ಟು ಅದಕ್ಕೆ ಸೋಮವಾರ ವಿಭೂತಿ ಹಚ್ಚಿದಳು. ಕಾಲು ಗಟ್ಟಿಯಾದವು, ಉಸಿರು ಹಗುರಾಯಿತು, ಮೆಟ್ಟಿಲು ಹತ್ತಿದರೆ ಏನೂ ಅನ್ನಿಸದು. ಗೆರೆ ಮಾತ್ರ ಅದೇ ಕೋಳಿ ಕೆದರಿದ ಹಿತ್ತಲು.

ತಿಂಗಳ ಕೊನೆಗೆ ಇಬ್ಬರೂ ಕೇಂದ್ರಕ್ಕೆ ಹೋದರು. ಜೊತೆ ಬಂದವರು ಹೊರಗೆ ಕೂರಬೇಕೆಂದು ಕಸ್ತೂರಿಯನ್ನು ಬಾಗಿಲಲ್ಲೇ ತಡೆದರು. ಒಳಗೆ ಮನೆಯಲ್ಲಿದ್ದಂಥದ್ದೇ ಯಂತ್ರ. ಗುರುಬಸವ್ವ ಹತ್ತಿ ನಿಂತು, "ನಮ್ಮ ಕಸ್ತೂರಿನ್ನ ಕರೀರಿ," ಎಂದಳು.

"ಯಾಕ್ರಿ?"

"ಕೈ ಹಿಡಿಯಾಕ."

"ಇಲ್ಲಿ ಎರಡೂ ಕೈ ನಿಮ್ಮವ ಬೇಕ್ರಿ," ಎಂದು ಫರೀದಾ ನಕ್ಕಳು.

ಬೇರೆ ದಾರಿ ಇರಲಿಲ್ಲ. ಗುರುಬಸವ್ವ ಎರಡೂ ಹಿಡಿಕೆ ಹಿಡಿದು ಕಣ್ಣು ಮುಚ್ಚಿ ತುಳಿದಳು. ಬೀಳಲಿಲ್ಲ. ಕಣ್ಣು ಬಿಟ್ಟಳು, ಆಗಲೂ ಬೀಳಲಿಲ್ಲ. ಗೋಡೆಯ ಮೇಲೆ ಅವಳ ಗೆರೆ ಒಂದೇ ಅಳತೆಯ ಹೊಲಿಗೆಯಾಗಿ ಓಡಿತು. ಬಡಿತ ನೂರಾ ಹತ್ತಕ್ಕೆ ಏರಿ, ಅಲ್ಲೇ ನಿಂತು, ತುಳಿಯುವುದನ್ನು ನಿಲ್ಲಿಸಿದ ಮೇಲೆ ಗುಣವಂತೆಯಂತೆ ಇಳಿಯಿತು.

ಫರೀದಾ ಗೋಡೆಯಿಂದ ಅವಳ ಕಡೆ ತಿರುಗಿದಳು. "ಮನ್ಯಾಗ ಯಾರು ಕೈ ಹಿಡೀತಾರಂದ್ರಿ?"

ಗುರುಬಸವ್ವ ಎಲ್ಲ ಹೇಳಿದಳು: ಎಡಗೈ, ಬಲಗೈ, ಮೂರನೆಯ ಕೈ. ಕೇಳುತ್ತ ಕೇಳುತ್ತ ಡಾಕ್ಟರಿಗೆ ನಗು ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರು ಬಂತು. "ಅಯ್ಯ ದೇವ್ರ! ನೀವಿಬ್ಬರೂ ಒಬ್ಬರಿಗೊಬ್ಬರು ಕೈ ಕೊಟ್ಟು ಎರಡು ತುದಿ ಹಿಡದ್ರ, ಯಂತ್ರಕ್ಕ ನೀವು ಒಬ್ಬಾಕಿನ ಹೆಣ್ಣಮಗಳು. ಎರಡು ಎದಿ ಇರೋ ಹೆಣ್ಣಮಗಳು! ನಾವು ಇಷ್ಟು ದಿನ ಆಕಿಗೆ ಫೇಲ್ ಮಾಡೇವಿ."

ಗುರುಬಸವ್ವನೂ ನಕ್ಕಳು. ಬಿದ್ದು ಬಿದ್ದು ನಕ್ಕಳು. ಪಾಸು ಸಿಕ್ಕಂತೆಯೇ ಎಂದು ಅವಳ ಮೈ ಹಗುರವಾಯಿತು. ಫರೀದಾ ಉತ್ಸಾಹದಿಂದ ಇಂದಿನ ಗೆರೆಯನ್ನು ಮಾದರಿಯಾಗಿಟ್ಟು, ಹಳೆಯ ದಿನಗಳ ಗೆರೆಯಿಂದ ಗುರುಬಸವ್ವನ ಬಡಿತವನ್ನು ಬಿಡಿಸಿ ತೆಗೆಯುವಂತೆ ಕೇಂದ್ರದ ಗಣಕಯಂತ್ರಕ್ಕೆ ಹೇಳಿದಳು. ಗೋಡೆಯ ಮೇಲೆ ಎರಡು ಗೆರೆ ಮೂಡಿದವು. ಮೇಲಿನದು ಗುರುಬಸವ್ವನದು, ಎಲ್ಲ ದಿನವೂ ಸಮ. ಕೆಳಗಿನದು ಕಸ್ತೂರಿಯದು. ಅದನ್ನು ನೋಡಿ ಫರೀದಾಳ ನಗು ನಿಂತಿತು.

"ಇವರು ಬರೇ ನಿಂತಿರ್ತಾರ, ಹೌದಿಲ್ರಿ? ತುಳಿಯೂದಿಲ್ಲ?"

"ಇಲ್ಲ. ಬರೇ ನಿಂತಿರ್ತಾಳ."

"ಮೊದಲಿನ ಒಂದೆರಡು ವಾರ ಸಮಾಧಾನ ಐತಿ. ಆಮ್ಯಾಲೆ ನೋಡ್ರಿ. ತುಳಿಯೋ ನಿಮಗಿಂತ ಜೋರ ಬಡೀತೈತಿ ಇವರ ಎದಿ. ದಿನಾಲು. ಇವರನ್ನ ಮೊದಲು ಒಳಗ ಕರೀರಿ."

ಗುರುಬಸವ್ವನಿಗೆ ಪಾಸು ಗೀಸು ಎಲ್ಲ ಮರೆತುಹೋಯಿತು. ತನ್ನ ಎದೆಯ ಗದ್ದಲದಲ್ಲಿ ಈ ಹುಡುಗಿಗೆ ಏನು ರೋಗ ಹತ್ತಿತೋ ಎಂದು ಹೆದರಿದಳು. ತಾನೇ ಓಡಿ ಹೋಗಿ ಕಸ್ತೂರಿಯನ್ನು ಎಳೆದುತಂದು ಯಂತ್ರದ ಮೇಲೆ ಹತ್ತಿಸಿದಳು. ಫರೀದಾ ತುಳಿಸಿ ನೋಡಿದಳು, ಮಲಗಿಸಿ ನೋಡಿದಳು, ಎಲ್ಲ ಕೊಳವೆ ತಂತಿ ಹಚ್ಚಿ ನೋಡಿದಳು.

"ಕಲ್ಲಿನಂಥ ಎದಿ ಐತಿ," ಎಂದಳು ಕೊನೆಗೆ. "ರೋಗ ಇಲ್ಲ. ಇದು ಹೆದರಿಕಿ. ದಿನಾ ಬೆಳಿಗ್ಗೆ ಅದ ಹೊತ್ತಿಗೆ ನಿಮಗ ಏನು ಹೆದರಿಕಿ ಕಸ್ತೂರೆವ್ವಾರ?"

ಕಸ್ತೂರಿ ಎದ್ದು ಕೂತಳು. ಸೆರಗಿನ ತುದಿ ಹಿಂಡುತ್ತ ನೆಲ ನೋಡಿದಳು.

ಹೊರಗೆ ಬೇವಿನ ಮರದ ಕೆಳಗೆ ಆಟೋಗಾಗಿ ಕಾಯುವಾಗ ಗುರುಬಸವ್ವನೇ ಕೇಳಿದಳು. "ಏನ ಹೆದರಿಕಿ ಹೇಳು. ನಿನ್ನ ಗಂಡನ ಲಾರಿ ಏನಾರ ಉರುಳಿತೇನು? ನನ್ನಿಂದ ಯಾಕ ಮುಚ್ಚಿಟ್ಟಿ?"

"ನೀವು ಪಾಸಾದ್ರ ಅಂತ ಹೆದರಿಕಿ," ಎಂದಳು ಕಸ್ತೂರಿ.

"ಏನಂದಿ?"

"ಒಂದಿನ ಹಾಲಿನಾಕಿ ಬಂದ್ಲು. ನಾ ಕೈ ಬಿಟ್ಟು ಹ್ವಾದೆ. ನಿಮಗ ತುಳಿಯೋ ಧ್ಯಾನದಾಗ ಖಬರಿಲ್ಲ, ಎರಡೂ ಹಿಡಿಕಿ ನೀವ ಹಿಡಕೊಂಡ್ರಿ. ಬಾಗಲದಾಗಿಂದ ನೋಡಿದೆ, ಗೆರಿ ಸಮ ಹೊಂಟಿತ್ತು." ಅವಳು ಮರದ ಬೊಡ್ಡೆಗೆ ಆತು ನಿಂತಳು. "ನಾ ಓಡಿ ಬಂದು ಮತ್ತ ಕೈ ಹಿಡದೆ."

ಗುರುಬಸವ್ವ ಒಂದು ಹೆಜ್ಜೆ ಹಿಂದೆ ಸರಿದಳು.

"ಬೈರಿ ಅಕ್ಕಾ. ಹೊಡೀರಿ ಬೇಕಾದ್ರ. ಅವತ್ತ ನೀವು ಬಿದ್ದಾಗ ನಿಮ್ಮ ತಲಿ ನನ್ನ ತೊಡಿ ಮ್ಯಾಲಿತ್ತು. ಉಸರ ಇರಲಿಲ್ಲ. ನಿಮಗೇನು ಗೊತ್ತು, ನೀವು ಮಲಕೊಂಡಿದ್ರಿ. ನೋಡಿದಾಕಿ ನಾನು! ಇನ್ನೊಮ್ಮೆ ನೋಡಾಕ ನನ್ನ ಕಡೆ ಆಗೂದಿಲ್ಲ."

ಮೂಗಿನ ತುದಿಯಲ್ಲೇ ಕೋಪ ಇರುವ ಗುರುಬಸವ್ವ ಬೈಯಲಿಲ್ಲ, ಹೊಡೆಯಲೂ ಇಲ್ಲ. ಆಟೋ ಬಂತು. ಒಂದು ತುದಿಗೆ ಇವಳು, ಇನ್ನೊಂದು ತುದಿಗೆ ಅವಳು ಕೂತು ಬೆಟಗೇರಿಗೆ ಬಂದರು. ಮೋಸ ಮಾಡಿದಳು, ನನ್ನ ಮನೆಯಲ್ಲಿದ್ದು ನನ್ನ ಕೈ ಹಿಡಿದೇ ಮೋಸ ಮಾಡಿದಳು ಎಂದು ಗುರುಬಸವ್ವನ ಹೊಟ್ಟೆ ಉರಿಯುತ್ತಿತ್ತು. ಆ ಉರಿಯ ನಡುವೆಯೂ, ಇವಳು ಬೆಳಗಿನಿಂದ ಏನೂ ತಿಂದಿಲ್ಲವಲ್ಲ ಎಂಬುದೂ ನೆನಪಾಗುತ್ತಿತ್ತು. ಮನುಷ್ಯರ ಕೋಪಕ್ಕೆ ಇದೊಂದು ಕಷ್ಟ.

ಮರುದಿನ ಬೆಳಿಗ್ಗೆ ಕನ್ಸೋಲು ತಾನಾಗಿ ಬೆಳಗಿ, "ಅಭಿನಂದನೆಗಳು. ನಿಮ್ಮ ಪಾಸು ಮಂಜೂರಾಗಿದೆ," ಎಂದಿತು. ಗುರುಬಸವ್ವ ತಲೆ ಬಾಚಿ, ಇಳಕಲ್ ಸೀರೆ ಉಟ್ಟು, ಖಾನಾವಳಿಗೆ ಹೋದಳು. ಕಸ್ತೂರಿ ಆಗಲೇ ಭಟ್ಟಿ ಹೊತ್ತಿಸಿ ಹಿಟ್ಟು ನಾದುತ್ತಿದ್ದಳು. ಗುರುಬಸವ್ವ ಹಂಚಿನ ಮುಂದೆ ನಿಂತಳು. ಬೆಂಕಿ ಆರಲಿಲ್ಲ.

ನೇಕಾರರು ಕೂಗಿ ಸಂತೋಷಪಟ್ಟರು. ಮೊದಲ ರೊಟ್ಟಿ ಬಿತ್ತು, ನೀರು ಸವರಿದಳು, ತಿರುವಿದಳು. ಅದು ಪೂರ್ತಿ ಉಬ್ಬಿ ನಿಂತಾಗ ಗುರುಬಸವ್ವನಿಗೆ ಅಳು ಬಂತು. ಇದಕ್ಕಾಗಿಯೇ ತಾನೇ ಇಷ್ಟು ಒದ್ದಾಡಿದ್ದು. ಎರಡನೆಯದು ಹಾಕಿದಳು, ಮೂರನೆಯದು ಹಾಕಿದಳು. ನಾಲ್ಕನೆಯದಕ್ಕೆ ಕೈ ಚಾಚಿದರೆ ರೊಟ್ಟಿ ಬರಲಿಲ್ಲ. ಬೆನ್ನ ಹಿಂದೆ ಬಡಿಯುವ ಸದ್ದು ತಾಳ ತಪ್ಪಿತ್ತು. ಎಲ್ಲಿ ನಿಂತು ಕೇಳಿದರೂ ಕಸ್ತೂರಿಯದೇ ಎಂದು ಹೇಳಬಹುದಾದ ಆ ಟಪಟಪ ಒಮ್ಮೆ ನಿಲ್ಲುತ್ತಿತ್ತು, ಒಮ್ಮೆ ಓಡುತ್ತಿತ್ತು.

ಗುರುಬಸವ್ವ ತಿರುಗಿ ನೋಡಿದಳು. ಕಸ್ತೂರಿ ಹಲಗೆಯನ್ನು ನೋಡುತ್ತಲೇ ಇರಲಿಲ್ಲ. ಅವಳ ಕಣ್ಣು ಗುರುಬಸವ್ವನ ಬೆನ್ನಿನ ಮೇಲೆ ನೆಟ್ಟಿತ್ತು, ಕೈಯ ಕೆಳಗೆ ರೊಟ್ಟಿ ಹರಿದುಹೋಗಿತ್ತು. ಮುಖದಲ್ಲಿ ರಕ್ತವಿರಲಿಲ್ಲ.

ಗೋಡೆಯ ಮೇಲೆ ಕಂಡ ಕೆಳಗಿನ ಗೆರೆ ಈಗ ಗುರುಬಸವ್ವನಿಗೆ ಕನ್ನಡಕವಿಲ್ಲದೆಯೂ ಕಂಡಿತು. ನನ್ನ ಎದೆಗೆ ಪಾಸು ಸಿಕ್ಕಿತು, ಇವಳ ಎದೆಯ ಗತಿ ಏನು? ದಿನವೂ, ಬೆಳಗಿನಿಂದ ಮಧ್ಯಾಹ್ನದವರೆಗೆ, ನಾನು ಕೂತಷ್ಟು ಹೊತ್ತೂ ಇವಳು ಹೀಗೇ ಸಾಯಬೇಕೇ? ಹೊಟ್ಟೆಯೊಳಗಿದ್ದ ಉರಿ ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ.

"ಏಳು," ಎಂದಳು.

ಕಸ್ತೂರಿ ಹೆದರಿ ಎದ್ದು ನಿಂತಳು.

"ಇಲ್ಲಿ ಬಾ. ಹಂಚು ಕಾದೈತಿ, ನೋಡ್ಕೊ."

"ಅಕ್ಕಾ, ನಿಮ್ಮ ಪಾಸು..."

"ಪಾಸು ಇರಲಿ ಬಿಡು, ಅದೇನು ಹಳಸತೈತೇನು? ನಾ ಬೀಳಬಾರದಂತ ನಿನಗ ಆಸೆ ಐತಿ. ನಿನ್ನ ಎದಿ ಒಡೀಬಾರದಂತ ನನಗಿಲ್ಲೇನು, ಹುಚ್ಚಿ? ನನ್ನ ಕೇಳಿದ್ರ ಹಂಚು ಬಿಡತಿರಲಿಲ್ಲ, ಖರೆ. ಅದಕ್ಕ ನೀ ಕೇಳಲಿಲ್ಲ. ಇಬ್ಬರದೂ ತಪ್ಪು. ಈಗ ರೊಟ್ಟಿ ಹಾಕು, ಮಂದಿ ಕುಂತಾರ."

ಗುರುಬಸವ್ವ ಇಳಕಲ್ ಸೀರೆಯಲ್ಲೇ ಹಲಗೆಯ ಮುಂದೆ ಕುಳಿತಳು. ಹಿಟ್ಟಿನ ಉಂಡೆ ಎತ್ತಿಕೊಂಡಳು. ಆಗಲೇ ಅವಳಿಗೆ ಹೊಳೆದದ್ದು: ರೊಟ್ಟಿ ಬಡಿದು ಎಷ್ಟೋ ವರ್ಷಗಳಾಗಿದ್ದವು. ಬಡಿದಳು. ಒಂದು ಕಡೆ ತೆಳ್ಳಗಾಯಿತು, ಒಂದು ಕಡೆ ಅಂಗೈ ದಪ್ಪ ಉಳಿಯಿತು, ದುಂಡಗೆ ಇರಬೇಕಾದದ್ದು ಸೊಟ್ಟಗೆ ಬೆಳೆಯಿತು. ಹೇಗೋ ಎತ್ತಿ ಕೊಟ್ಟಳು.

ಕಸ್ತೂರಿ ಅದನ್ನು ಎರಡೂ ಕೈಯಲ್ಲಿ ಹಿಡಿದು, ಬೆಳಕಿಗೆ ಎತ್ತಿ, ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಮುಖಕ್ಕೆ ಮೆಲ್ಲಗೆ ಬಣ್ಣ ಬಂತು.

"ಏನಕ್ಕಾ ಇದು? ಇದನ್ನ ಯಾರು ತಿಂತಾರ? ಅಂಚು ದಪ್ಪ ಆಗೇತಿ. ಮತ್ತೊಮ್ಮೆ ಬಡೀರಿ."

ಗುರುಬಸವ್ವನಿಗೆ ಎದುರು ಮಾತಾಡಿದವರನ್ನು ಬೆಟಗೇರಿಯಲ್ಲಿ ಯಾರೂ ಕಂಡಿರಲಿಲ್ಲ. ತುತ್ತು ಬಾಯಿಗಿಟ್ಟವರು ಅಗಿಯುವುದನ್ನು ನಿಲ್ಲಿಸಿ ಅವಳ ಮುಖವನ್ನೇ ನೋಡಿದರು. ಗುರುಬಸವ್ವ ಸೊಟ್ಟ ರೊಟ್ಟಿಯನ್ನು ಮುದ್ದೆ ಮಾಡಿ, ಒಣಹಿಟ್ಟು ಉದುರಿಸಿ, ಮತ್ತೆ ಮೊದಲಿನಿಂದ ಬಡಿಯತೊಡಗಿದಳು.